ಎರಡು ಜೇಬಿನ ಚೀಲ

ಸಂಜೆ ಒಣಗಿದ ಬಟ್ಟೆಗಳನ್ನೆಲ್ಲ ಮಡಿಸಿಟ್ಟು, ಒಲೆಯ ಮೇಲೆ ತರಕಾರಿ ಬೇಯಲು ಇಟ್ಟು, ಪಟ್ಟಿಯಕ್ಕ ಊಟದ ಮೇಜಿನ ಮೇಲೆ ಫಾರಂಗಳನ್ನು ಹರವಿಕೊಂಡು ಕೂತಳು. ಒಟ್ಟು ಐವತ್ತೆರಡು. ಒಂದೊಂದರಲ್ಲೂ ಐದು ಪ್ರಶ್ನೆ. ಪ್ರತಿ ಪ್ರಶ್ನೆಯ ಮುಂದೆ ಮೂರು ಚೌಕ: ಚೆನ್ನಾಗಿದೆ, ಪರವಾಗಿಲ್ಲ, ಚೆನ್ನಾಗಿಲ್ಲ. ಹತ್ತು ಹಾಳೆ ತಿರುವುವಷ್ಟರಲ್ಲಿ ಅವಳ ಕೈ ನಿಧಾನವಾಯಿತು. ಇಪ್ಪತ್ತಕ್ಕೆ ನಿಂತೇಹೋಯಿತು. ಉಳಿದವನ್ನು ಸರಸರನೆ ತಿರುವಿ ನೋಡಿದಳು. ಎಲ್ಲದರಲ್ಲೂ ಗುರುತು ಬಿದ್ದಿದ್ದು ಮೊದಲ ಚೌಕದಲ್ಲೇ.

ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕೈಗೆ ಹತ್ತಿದ ಗ್ರೀಸು ತೊಳೆದುಕೊಂಡು ಬಂದವನು ಅವಳ ಹೆಗಲ ಮೇಲಿಂದ ಇಣುಕಿ ನೋಡಿದ.

“ಏನೇ ಇದು, ಎಲ್ಲರೂ ಫಸ್ಟ್ ಕ್ಲಾಸಾ?”

“ಹೂಂ. ಐವತ್ತೆರಡಕ್ಕೆ ಐವತ್ತೆರಡೂ.”

“ಐವತ್ತೆರಡು ಬಸ್ಸಲ್ಲಿ ಒಂದೂ ಕೆಟ್ಟಿಲ್ಲ ಅಂತ ಯಾರಾದ್ರೂ ಬರೆದುಕೊಟ್ರೆ, ನಾನು ಮೊದಲು ಬರೆದೋನ ಮುಖ ನೋಡ್ತೀನಿ. ಆಮೇಲೆ ಬಸ್ಸು.”

ಅವಳು ನಗಲಿಲ್ಲ. ಹಾಳೆಗಳನ್ನು ಮತ್ತೆ ಒಂದೊಂದಾಗಿ ಎತ್ತಿ, ಈ ಸಲ ಉತ್ತರಗಳನ್ನು ಬಿಟ್ಟು ಮೇಲೆ ಬರೆದಿದ್ದ ಹೆಸರು, ವಿಳಾಸಗಳ ಅಕ್ಷರಗಳನ್ನು ನೋಡಿದಳು. ಐವತ್ತೆರಡು ಮನೆಯ ಫಾರಂಗಳಲ್ಲಿ ಇದ್ದದ್ದು ಆರೇ ಕೈಬರಹ.

ಅವಳು ಕೆಲಸ ಮಾಡುತ್ತಿದ್ದದ್ದು ಒಂದು ಸಣ್ಣ ಸೇವಾ ಸಂಘದಲ್ಲಿ. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಗಳೇ ಅದರ ಕಚೇರಿ. ಹಾಸಿಗೆ ಹಿಡಿದವರಿಗೆ ಅವರ ಮನೆಗೇ ಹೋಗಿ ಸ್ನಾನ ಮಾಡಿಸುವುದು ಸಂಘದ ಕೆಲಸ. ಆರು ಜನ ಹೆಂಗಸರು ಒಬ್ಬೊಬ್ಬರಾಗಿ ಐವತ್ತೆರಡು ಮನೆಗಳಿಗೆ ವಾರಕ್ಕೆ ಮೂರು ದಿನ ಹೋಗಿ ಬರುತ್ತಿದ್ದರು. ಇನ್ನೂ ನಲವತ್ತು ಮನೆಯವರು ನಮ್ಮ ಸರದಿ ಯಾವಾಗ ಎಂದು ಕಾಯುತ್ತಿದ್ದರು. ಮೂರು ದಿನವನ್ನು ಎರಡಕ್ಕೆ ಇಳಿಸಿದರೆ ಕಾಯುತ್ತಿರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳನ್ನು ಈಗಲೇ ಸೇರಿಸಿಕೊಳ್ಳಬಹುದು ಎಂಬ ಮಾತು ಸಮಿತಿಯಲ್ಲಿ ಬಂದಿತ್ತು. ‘ಜನರ ಮನಸ್ಸು ತಿಳಿದುಕೊಂಡೇ ತೀರ್ಮಾನ ಮಾಡೋಣ’ ಎಂದು ಅಧ್ಯಕ್ಷರು ಹೇಳಿದ್ದರು. ತಿಳಿದುಕೊಳ್ಳುವ ಕೆಲಸ ಪಟ್ಟಿಯಕ್ಕನ ಪಾಲಿಗೆ ಬಂದಿತ್ತು. ಯಾವ ವಿಷಯ ಸಿಕ್ಕರೂ ಪಟ್ಟಿ ಮಾಡಿ ಗೋಡೆಗೆ ಅಂಟಿಸುವ ಅವಳ ಚಾಳಿಯಿಂದಲೇ ಆ ಹೆಸರು ಅವಳಿಗೆ ಅಂಟಿದ್ದು.

ಮರುದಿನ ಅವಳು ಮೊದಲು ಹಿಡಿದದ್ದು ಗಟ್ಟಿಯಮ್ಮನನ್ನು. ಆರು ಜನರಲ್ಲಿ ಹಿರಿಯಳು. ಅವಳ ದನಿ ಮಹಡಿಯ ಮೆಟ್ಟಿಲು ಹತ್ತುವ ಮೊದಲೇ ಕಚೇರಿಗೆ ಬಂದು ತಲುಪುತ್ತಿತ್ತು.

“ಈ ಫಾರಂ ಎಲ್ಲ ನೀವೇ ತುಂಬಿದ್ದಾ?”

“ಮತ್ತೆ? ಅವರ ಕೈಯಲ್ಲಿ ಪೆನ್ನು ನಿಲ್ಲುತ್ತಾ? ಸೋಪು ಹಚ್ಚುತ್ತಾ ಕೇಳ್ದೆ, ‘ಏನಮ್ಮಾ, ನಮ್ಮ ಕೆಲಸ ಚೆನ್ನಾಗಿದೆಯಾ?’ ಅಂತ. ‘ಚೆನ್ನಾಗಿದೆ’ ಅಂದ್ರು. ಕೈ ಒರೆಸಿಕೊಂಡು ಬರೆದೆ. ತಪ್ಪಾ?”

“ಮೈಯೆಲ್ಲ ಸೋಪು ಇರುವಾಗ, ನೀರಿನ ಚೊಂಬು ನಿಮ್ಮ ಕೈಯಲ್ಲಿರುವಾಗ, ಚೆನ್ನಾಗಿಲ್ಲ ಅಂತ ಯಾರು ಹೇಳ್ತಾರೆ ಗಟ್ಟಿಯಮ್ಮಾ?”

ಗಟ್ಟಿಯಮ್ಮ ಒಂದು ಗಳಿಗೆ ಯೋಚಿಸಿ ಜೋರಾಗಿ ನಕ್ಕುಬಿಟ್ಟಳು. “ನಾನಾಗಿದ್ರೂ ಹೇಳ್ತಿರಲಿಲ್ಲ ಬಿಡು.”

ಆದರೆ ತಪ್ಪು ಗಟ್ಟಿಯಮ್ಮನದಲ್ಲ ಎಂದು ಪಟ್ಟಿಯಕ್ಕನಿಗೆ ಗೊತ್ತಿತ್ತು. ಫಾರಂ ತಯಾರಿಸಿದವಳು ತಾನೇ. ಅದನ್ನು ಆರು ಜನರ ಚೀಲಕ್ಕೆ ತುರುಕಿ ಕಳಿಸಿದವಳೂ ತಾನೇ.

ವಿಷಯ ಕೇಳಿದ ಸಮಿತಿಯವರಲ್ಲಿ ಔಷಧಿ ಅಂಗಡಿಯವರು ತಕ್ಷಣ ದಾರಿ ಹೇಳಿದರು. ಅವರು ಚುರುಕಿನ ಮನುಷ್ಯ, ಗಿರಾಕಿ ಬಾಯಿ ತೆರೆಯುವ ಮೊದಲೇ ಮಾತ್ರೆ ತೆಗೆದು ಇಡುವಂಥವರು. “ಫೋನ್ ಮಾಡಿಬಿಡಿ. ಎರಡು ದಿನದ ಕೆಲಸ. ಕೆಲಸ ಮಾಡೋರು ಎದುರಿಗಿರಲ್ಲ, ಸಂಕೋಚ ಇರಲ್ಲ. ಎರಡು ದಿನ ಸಾಕಾ, ಮೂರು ಬೇಕಾ ಅಂತ ಒಂದೇ ಪ್ರಶ್ನೆ.”

ಅದು ಸರಿಯೆಂದೇ ಅವಳಿಗೂ ಅನ್ನಿಸಿತು. ಎರಡು ದಿನ ಕಿವಿ ಕೆಂಪಾಗುವವರೆಗೆ ಫೋನ್ ಮಾಡಿದಳು. ಐವತ್ತೆರಡರಲ್ಲಿ ನಲವತ್ತೊಂದು ಮನೆಯವರು ‘ಎರಡು ದಿನ ಸಾಕು’ ಎಂದರು. ಕೆಲವರು ಕಾರಣವನ್ನೂ ಹೇಳಿದರು: ಬಾಗಿಲು ತೆರೆಯಲು ಯಾರಾದರೂ ಇರಬೇಕು, ನೀರು ಕಾಯಿಸಬೇಕು, ಜೊತೆಗೆ ನಿಂತು ಕೈಹಿಡಿಯಬೇಕು. ಎಲ್ಲವನ್ನೂ ಅವಳು ಪುಸ್ತಕದಲ್ಲಿ ಗೆರೆ ಹಾಕಿ ಬರೆದುಕೊಂಡಳು.

ಒಂದು ಫೋನು ಮಾತ್ರ ಅವಳ ತಲೆಯಲ್ಲಿ ಉಳಿಯಿತು. ಅದು ದರ್ಜಿ ತಾತನ ಮನೆಯದು. ಮೂರು ವರ್ಷದ ಹಿಂದೆ ಅವರಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು; ಮಾತೂ ಹೋಗಿತ್ತು. ಫೋನ್ ಎತ್ತಿದ್ದು ಸೊಸೆ.

“ಎರಡು ದಿನ ಸಾಕು. ಬೇಕಾದ್ರೆ ಒಂದೇ ದಿನ ಮಾಡಿ ಅಕ್ಕಾ” ಎಂದಿದ್ದಳು. ಹಿಂದಿನಿಂದ ಠಣ್ ಠಣ್ ಎಂದು ಕಬ್ಬಿಣ ಬಡಿಯುವ ಸದ್ದು.

“ಏನದು ಸದ್ದು?”

“ಮಾವ. ಮಂಚದ ಸರಳು ಬಡೀತಿದ್ದಾರೆ. ಸಂಘದ ಹೆಸರು ಕೇಳಿದ್ರೆ ಸಾಕು, ಹೀಗೇ ಶುರು.”

ಫೋನ್ ಇಟ್ಟ ಮೇಲೆ ಪಟ್ಟಿಯಕ್ಕ ತನ್ನ ಪುಸ್ತಕವನ್ನು ಹಿಂದಕ್ಕೆ ತಿರುವಿ, ಯಾರು ಉತ್ತರ ಕೊಟ್ಟರು ಎಂಬುದನ್ನು ಎಣಿಸಿದಳು. ಮಗ, ಸೊಸೆ, ಹೆಂಡತಿ, ಮಗಳು, ಅಳಿಯ, ಮತ್ತೆ ಸೊಸೆ. ಸ್ನಾನ ಮಾಡಿಸಿಕೊಳ್ಳುವವರೇ ಫೋನಿಗೆ ಬಂದದ್ದು ಮೂರು ಮನೆಯಲ್ಲಿ. ಸಮಿತಿ ಸೇರಲು ಇನ್ನು ಹದಿಮೂರು ದಿನ ಇತ್ತು. ಅವಳು ಪುಸ್ತಕ ಮುಚ್ಚಿ, ಚಪ್ಪಲಿ ಮೆಟ್ಟಿ, ಆ ಮನೆಗೆ ನಡೆದಳು.

ಮನೆಯೆಂದರೆ ಒಂದು ಉದ್ದನೆಯ ಕೋಣೆ, ಹಿಂದೆ ಸಣ್ಣ ಅಡುಗೆಮನೆ. ಕಿಟಕಿಯ ಪಕ್ಕ ತಾತನ ಕಬ್ಬಿಣದ ಮಂಚ, ಅದರ ಕಾಲ ಬಳಿಯೇ ಹೊಲಿಗೆ ಯಂತ್ರ. ನೆಲದ ಮೇಲೆ ಅಂಗಿಯ ಕಾಲರುಗಳ ರಾಶಿ. ಸೊಸೆಯ ಗಂಡ ಬೆಳಿಗ್ಗೆ ಹೋದರೆ ರಾತ್ರಿಯೇ ಬರುವುದರಿಂದ ಮನೆಯಲ್ಲಿ ಇರುತ್ತಿದ್ದದ್ದು ಮಾವ, ಸೊಸೆ ಇಬ್ಬರೇ.

“ಬನ್ನಿ ಅಕ್ಕಾ. ಕೂತ್ಕೊಳ್ಳಿ, ಆ ಕಾಲರು ಪಕ್ಕಕ್ಕೆ ಸರಿಸಿ. ಉತ್ತರ ಫೋನಲ್ಲೇ ಹೇಳಿದ್ನಲ್ಲ?”

“ನೀವು ಹೇಳಿದ್ರಿ. ತಾತ ಹೇಳಲಿಲ್ಲ.”

“ಅವರು ಹೇಗೆ ಹೇಳ್ತಾರೆ?” ಸೊಸೆಯ ದನಿಯಲ್ಲಿ ಒರಟುತನ ಇರಲಿಲ್ಲ, ಆಯಾಸ ಇತ್ತು. “ನನಗೆ ಈ ಕೆಲಸ ಕಲಿಸಿದ್ದೇ ಅವರು. ಮದುವೆಯಾಗಿ ಬಂದಾಗ ಸೂಜಿಗೆ ದಾರ ಪೋಣಿಸೋಕೂ ಬರ್ತಿರಲಿಲ್ಲ. ಈಗ ನೋಡಿ, ಅವರಿಗೆ ಏನು ಬೇಕು ಅಂತ ತಿಳಿಯೋಕೂ ನನಗೆ ಬರಲ್ಲ.”

ಪಟ್ಟಿಯಕ್ಕ ಮಂಚದ ಪಕ್ಕ ಕೂತು, ತಾತನ ಮುಖಕ್ಕೆ ಮುಖ ಕೊಟ್ಟು ಕೇಳಿದಳು. “ತಾತಾ, ಸ್ನಾನ ಎರಡು ದಿನ ಸಾಕಾ?” ತಾತ ತಲೆಯನ್ನು ಅತ್ತಿತ್ತ ಆಡಿಸಿದರು. “ಮೂರು ಬೇಕಾ?” ಅದಕ್ಕೂ ಹಾಗೇ ತಲೆಯಾಡಿಸಿದರು. ಪೆನ್ನು ಕೊಟ್ಟರೆ ಎಡಗೈಯಿಂದ ಕಾಗದದ ಮೇಲೆ ಒಂದು ಗೀಟು ಎಳೆದು, ಸಿಟ್ಟಿನಿಂದ ಬಿಸಾಡಿದರು. ಆಮೇಲೆ ಅದೇ ಕೈಯಿಂದ ಹೊಲಿಗೆ ಯಂತ್ರದ ಮೇಲಿದ್ದ ಗುಂಡಿಗಳ ಡಬ್ಬಿಯನ್ನು ತೋರಿಸಿದರು.

ಸೊಸೆ ಡಬ್ಬಿ ತಂದುಕೊಟ್ಟಳು. ತಾತ ಮುಚ್ಚಳವನ್ನು ಹೊದಿಕೆಯ ಮೇಲೆ ಬೋರಲಾಗಿ ಇಟ್ಟರು. ತಡಕಿ ತಡಕಿ ಒಂದು ದೊಡ್ಡ ಮರದ ಗುಂಡಿ ತೆಗೆದು, ತಮ್ಮ ಎದೆ ಮುಟ್ಟಿಕೊಂಡು, ಮುಚ್ಚಳದ ನಡುವೆ ಇಟ್ಟರು. ಅದರ ಪಕ್ಕ ಒಂದು ಕಪ್ಪು ಗುಂಡಿ ಇಟ್ಟು, ಕೈಯಿಂದ ಮೈ ಉಜ್ಜಿಕೊಳ್ಳುವಂತೆ ಮಾಡಿದರು.

“ಗಟ್ಟಿಯಮ್ಮ” ಎಂದಳು ಪಟ್ಟಿಯಕ್ಕ. ತಾತ ಹೌದೆಂದು ಕಣ್ಣು ಮುಚ್ಚಿ ತೆರೆದರು.

ಕೊನೆಗೆ ಒಂದು ಕೆಂಪು ಗುಂಡಿ. ಅದನ್ನು ಸೊಸೆಗೆ ತೋರಿಸಿ, ಮುಚ್ಚಳದ ಮೇಲಿಟ್ಟು, ಬೆರಳಿನಿಂದ ಮೆಲ್ಲಗೆ ಹೊರಕ್ಕೆ ದೂಡಿದರು. ಗುಂಡಿ ಹೊದಿಕೆಯ ಮಡಿಕೆಯೊಳಗೆ ಬಿತ್ತು.

ಸೊಸೆಯ ಮುಖ ಬಿಳಿಚಿತು. “ನೋಡಿದ್ರಾ? ನನ್ನನ್ನ ಹೊರಗೆ ಹೋಗು ಅಂತಿದ್ದಾರೆ. ಮೂರು ವರ್ಷದಿಂದ ನೋಡಿಕೊಂಡಿದ್ದಕ್ಕೆ...”

ತಾತ ಸರಳನ್ನು ಬಡಿದರು, ತಲೆ ಕೊಡವಿದರು. ಕೆಂಪು ಗುಂಡಿಯನ್ನು ಹುಡುಕಿ ತೆಗೆದು ಮತ್ತೆ ಮುಚ್ಚಳದ ಮೇಲಿಟ್ಟರು. ಮೂಲೆಯಲ್ಲಿದ್ದ ಸ್ನಾನದ ಬಕೆಟ್ಟನ್ನು ಗಲ್ಲದಿಂದ ತೋರಿಸಿ, ಗುಂಡಿಯನ್ನು ಹೊರಕ್ಕೆ ದೂಡಿದರು. ಆಮೇಲೆ ಕಪ್ಪು ಗುಂಡಿಯನ್ನು ತೆಗೆದು ದೂರ ಇಟ್ಟು, ಕೆಂಪು ಗುಂಡಿಯನ್ನು ವಾಪಸು ತಂದು ಮರದ ಗುಂಡಿಗೆ ತಾಗುವಂತೆ ಇಟ್ಟರು. ಕಣ್ಣು ಮುಚ್ಚಿಕೊಂಡರು. ಕೆನ್ನೆಯ ಮೇಲೆ ನೀರು ಇಳಿಯಿತು.

ಮೊದಲು ಅರ್ಥವಾದದ್ದು ಸೊಸೆಗೆ. ಅವಳು ಕಾಲರುಗಳ ರಾಶಿಯ ಮೇಲೇ ಕುಸಿದು ಕೂತಳು.

“ಸ್ನಾನದ ಹೊತ್ತಲ್ಲಿ ನಾನು ಇರಬಾರದು ಅಂತ” ಎಂದಳು. ತಗ್ಗಿದ ದನಿಯಲ್ಲಿ ಮುಂದುವರಿಸಿದಳು, “ಒಬ್ಬರ ಕೈಲಿ ಆಗಲ್ಲ ಅಕ್ಕಾ, ಒಬ್ಬರು ಹೊರಳಿಸಿ ಹಿಡಿದುಕೊಂಡ್ರೆ ಇನ್ನೊಬ್ಬರು ನೀರು ಹಾಕಬೇಕು. ನಾನು ಮುಖ ಆ ಕಡೆ ಮಾಡ್ಕೊಂಡೇ ಹಾಕ್ತಿದ್ದೆ. ತಂದೆ ಥರದವರು, ಗುರು ಥರದವರು. ಫೋನಲ್ಲಿ ಒಂದೇ ದಿನ ಸಾಕು ಅಂದದ್ದು ಅದಕ್ಕೇ. ಇಬ್ಬರಿಗೂ ವಾರಕ್ಕೆ ಮೂರು ಸಲ ಈ ಶಿಕ್ಷೆ ಯಾಕೆ ಅಂತ.”

ಪಟ್ಟಿಯಕ್ಕ ಏನೂ ಬರೆದುಕೊಳ್ಳಲಿಲ್ಲ. ತನ್ನ ಫಾರಂನ ಐದು ಪ್ರಶ್ನೆಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ಓದಿಕೊಂಡಳು. ಸಮಯಕ್ಕೆ ಬರುವುದು ಹೇಗಿದೆ, ಮಾತಿನ ರೀತಿ ಹೇಗಿದೆ, ಸೋಪು ಹೇಗಿದೆ. ಕೋಣೆಯಲ್ಲಿ ಯಾರಿರಬೇಕು ಎಂದು ಯಾವ ಸಾಲಿನಲ್ಲೂ ಇರಲಿಲ್ಲ. ಈ ಮನೆಯಲ್ಲಿ ಒಂದು ದಿನ ಕಡಿತವಾದರೆ ತಾತನ ಬೆನ್ನಿಗೆ ಹುಣ್ಣಾಗಬಹುದು. ಆದರೂ ಕಾಗದದ ಮೇಲೆ ಅದು ‘ಮನೆಯವರ ಒಪ್ಪಿಗೆ’ ಎಂದೇ ಇರುತ್ತದೆ. ಇನ್ನು ಉಳಿದ ಮನೆಗಳಲ್ಲಿ ಏನೇನಿದೆಯೋ! ಎದ್ದು ನಿಂತಾಗ ಅವಳ ಮನಸ್ಸು ಗಟ್ಟಿಯಾಗಿತ್ತು.

“ಹೆಸರು ಹೇಳದೆ ಈ ವಿಷಯ ಸಮಿತಿಗೆ ಹೇಳಲಾ?” ಎಂದು ಇಬ್ಬರನ್ನೂ ಕೇಳಿದಳು. ಸೊಸೆ ತಾತನ ಕಡೆ ನೋಡಿದಳು. ತಾತ ಕಣ್ಣು ತೆರೆದು ಮುಚ್ಚಿದರು.

ಮರುದಿನವೇ ಅವಳು ಸಮಿತಿಯನ್ನು ಸೇರಿಸಿದಳು. ಅಧ್ಯಕ್ಷರು ನಿವೃತ್ತ ಮುಖ್ಯೋಪಾಧ್ಯಾಯಿನಿ, ಎಲ್ಲರಿಗೂ ದೊಡ್ಡ ಟೀಚರ್. ಪಟ್ಟಿಯಕ್ಕ ತಾತನ ಮನೆಯ ವಿಷಯವನ್ನು ಗುರುತು ಸಿಗದಂತೆ ಹೇಳಿ ಮುಗಿಸಿ, ತನ್ನ ಬೇಡಿಕೆ ಇಟ್ಟಳು.

“ಫಾರಂ ಬೇಡ, ಫೋನೂ ಬೇಡ. ಸ್ನಾನ ಮಾಡಿಸಿಕೊಳ್ಳೋರನ್ನೇ ಕೇಳಬೇಕು, ಬಾಗಿಲು ಹಾಕಿ, ಮನೆಯವರು ಇಲ್ಲದಾಗ. ತಾನು ಹೋಗೋ ಮನೆಗೆ ಯಾರೂ ಕೇಳೋಕೆ ಹೋಗಬಾರದು. ಎಲ್ಲ ಮನೆಗೂ ಹೋಗೋಷ್ಟು ದಿನ ನಮಗಿಲ್ಲ. ಹದಿನೆಂಟು ಮನೆಗೆ ಹೋಗೋಣ. ಯಾವುದು ಅಂತ ಚೀಟಿ ಎತ್ತೋಣ.”

ಔಷಧಿ ಅಂಗಡಿಯವರು ಕನ್ನಡಕ ಸರಿಮಾಡಿಕೊಂಡರು. “ಇದೇನಮ್ಮಾ! ಫೋನಲ್ಲಿ ಐವತ್ತೆರಡು ಉತ್ತರ ಕೈಲಿದೆ. ಅದಕ್ಕಿಂತ ಹದಿನೆಂಟು ದೊಡ್ಡದು ಹೇಗಾಗುತ್ತೆ?”

“ಆ ಐವತ್ತೆರಡರಲ್ಲಿ ಸ್ನಾನ ಮಾಡಿಸಿಕೊಳ್ಳೋರು ಮೂರೇ ಜನ ಸಾರ್. ಮೂರಕ್ಕಿಂತ ಹದಿನೆಂಟು ದೊಡ್ಡದಲ್ವಾ?”

“ಕಾಯ್ತಾ ಇರೋ ನಲವತ್ತು ಮನೆ? ಅಂಗಡಿಗೆ ಬಂದು ನನ್ನ ಮುಂದೆ ಅಳ್ತಾರೆ. ಒಬ್ಬಳು ಹೆಣ್ಣುಮಗಳು ಗಂಡನ್ನ ಒಬ್ಬಳೇ ಎತ್ತಿ ಸೊಂಟ ಮುರಿದುಕೊಂಡಿದ್ದಾಳೆ. ನೀವು ಇಲ್ಲಿ ಕೇಳ್ತಾ ಕೂತ್ರೆ ಅವಳಿಗೆ ಯಾರು ದಿಕ್ಕು?”

ಆ ಮಾತು ಸುಳ್ಳಲ್ಲ ಎಂದು ಪಟ್ಟಿಯಕ್ಕನಿಗೆ ಗೊತ್ತಿತ್ತು. ಅವಳು ದನಿ ಏರಿಸಲಿಲ್ಲ. “ಹನ್ನೆರಡು ದಿನ ಕೊಡಿ. ಅಷ್ಟು ದಿನ ತಡ ಆದದ್ದಕ್ಕೆ ಅವರನ್ನ ನಾನೇ ಹೋಗಿ ಕ್ಷಮೆ ಕೇಳ್ತೀನಿ.”

ಕೆಲಸದವರ ಪರವಾಗಿ ಸಭೆಗೆ ಬಂದಿದ್ದ ಗಟ್ಟಿಯಮ್ಮನಿಗೆ ಮಾತ್ರ ಇದು ಬೇರೆಯೇ ಥರ ಚುಚ್ಚಿತ್ತು. “ಅಂದ್ರೆ ನಮ್ಮ ಮೇಲೆ ಅನುಮಾನ. ನಮ್ಮ ಹಿಂದಿನಿಂದ ಚಾಡಿ ಕೇಳೋಕೆ ಹೋಗ್ತೀರಿ. ಮಳೆ ಬಿಸಿಲು ಅನ್ನದೆ ಮಾಡಿದ್ದಕ್ಕೆ ಇದು ನಮಗೆ ಉಡುಗೊರೆ.”

“ಹಿಂದಿನಿಂದ ಯಾಕೆ? ನೀವೇ ನನ್ನ ಜೊತೆ ಬನ್ನಿ. ನಿಮ್ಮ ಮನೆಗಳಿಗಲ್ಲ, ಬೇರೆಯವರ ಮನೆಗಳಿಗೆ.”

ದೊಡ್ಡ ಟೀಚರ್ ಮೇಜಿನ ಮೇಲೆ ಬೆರಳು ಬಡಿದರು. “ಹನ್ನೆರಡು ದಿನ. ಹದಿಮೂರಾಗಬಾರದು.”

ಮಾತು ಬಾರದವರನ್ನು, ಹೇಳಲು ನಾಚುವವರನ್ನು ಕೇಳುವುದು ಹೇಗೆ? ಅದಕ್ಕೆ ಪಟ್ಟಿಯಕ್ಕ ಮತ್ತೆ ದರ್ಜಿ ತಾತನ ಮನೆಗೇ ಹೋದಳು. ತನಗೆ ಬೇಕಾದದ್ದನ್ನು ಕೈಯಾಡಿಸಿ ವಿವರಿಸಿದಳು. ಸೊಸೆ ದಪ್ಪ ಬಟ್ಟೆಯ ಒಂದು ಚೀಲ ಹೊಲಿದಳು. ಬಾಯಿ ಚಿಕ್ಕದು, ಮಣಿಕಟ್ಟಿನವರೆಗೆ ಕೈ ಹೋಗುವಷ್ಟೇ. ಒಳಗೆ ಎರಡು ಜೇಬು. ಹೌದು ಎಂಬುದಕ್ಕೆ ಮಖಮಲ್ಲಿನ ಜೇಬು, ಇಲ್ಲ ಎಂಬುದಕ್ಕೆ ಒರಟು ಗೋಣಿಬಟ್ಟೆಯದು. ಕಣ್ಣು ಕಾಣದವರಿಗೂ ಬೆರಳಿಗೆ ಗೊತ್ತಾಗಬೇಕು. ಒಬ್ಬೊಬ್ಬರ ಕೈಗೂ ಒಂದೊಂದು ಗುಂಡಿ; ಅದು ಯಾವ ಜೇಬಿಗೆ ಬಿತ್ತೆಂದು ಎದುರು ಕೂತವರಿಗೆ ಗೊತ್ತಾಗಬಾರದು. ತಾತ ಹೊಲಿಗೆಯನ್ನು ಎಡಗೈಯಿಂದ ಸವರಿ, ಒಂದು ಕಡೆ ಸಡಿಲ ಇದೆ ಎಂದು ಉಗುರಿನಿಂದ ಗೀರಿ ತೋರಿಸಿದರು. ಸೊಸೆ ನಾಲಿಗೆ ಕಚ್ಚಿಕೊಂಡು ಬಿಚ್ಚಿ ಹೊಲಿದಳು.

ಚೀಟಿ ಎತ್ತುವಾಗ ತಾತನ ಮನೆಯ ಹೆಸರು ಹಾಕಲಿಲ್ಲ. ಅಲ್ಲಿನ ಉತ್ತರ ಆಗಲೇ ಗೊತ್ತಿತ್ತು. ಐವತ್ತೊಂದು ಚೀಟಿಗಳಲ್ಲಿ ಹದಿನೆಂಟು ಎತ್ತಿದರು. ಬಂದ ಹೆಸರುಗಳಲ್ಲಿ ಮೂರು ಮನೆ ಊರಿನ ಆ ತುದಿಯವು, ಒಂದು ಮನೆಯ ನಾಯಿ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. “ಇದು ಬೇಡ, ಇನ್ನೊಂದು ಎತ್ತು” ಎಂದಳು ಗಟ್ಟಿಯಮ್ಮ. “ನಮಗೆ ಸುಲಭ ಅಂತ ಆರಿಸಿದ್ರೆ ಚೀಟಿ ಎತ್ತಿದ್ದು ಯಾಕೆ?” ಎಂದಳು ಪಟ್ಟಿಯಕ್ಕ. ನಾಯಿಯ ಮನೆಗೆ ಮೂರು ಸಲ ಹೋಗಬೇಕಾಯಿತು.

ಒಂದು ಮನೆಯಲ್ಲಿ ಮಗ ಬಾಗಿಲಿಗೆ ಅಡ್ಡ ನಿಂತ. “ನಮ್ಮಮ್ಮನ್ನ ಒಬ್ಬರನ್ನೇ ಏನು ಕೇಳ್ತೀರಿ? ನನ್ನ ಕೇಳಿ. ಅವರಿಗೆ ನೆನಪೇ ಇರಲ್ಲ.”

“ಕಾಲು ಗಂಟೆ ಅಷ್ಟೇ. ಬೇಡ ಅಂದ್ರೆ ‘ಉತ್ತರ ಸಿಗಲಿಲ್ಲ’ ಅಂತ ಬರ್ಕೊಂಡು ಹೋಗ್ತೀನಿ. ಅಮ್ಮನ ಜಾಗದಲ್ಲಿ ನಿಮ್ಮ ಉತ್ತರ ಬರೆಯಲ್ಲ.”

ಅವನು ಗೊಣಗುತ್ತ ಪಕ್ಕಕ್ಕೆ ಸರಿದ.

ಒಳಗೆ ಅಮ್ಮ ಹತ್ತು ನಿಮಿಷ ಪಕ್ಕದ ಮನೆಯ ಬೆಕ್ಕಿನ ಕಥೆಯನ್ನೇ ಹೇಳಿದರು. ಗಟ್ಟಿಯಮ್ಮ ಚಡಪಡಿಸಿದಳು, ಪಟ್ಟಿಯಕ್ಕ ಅವಳ ಮೊಣಕಾಲು ಒತ್ತಿ ಹಿಡಿದಳು. ಬೆಕ್ಕು ಮೂರು ಮರಿ ಹಾಕಿ ಮುಗಿದ ಮೇಲೆ ಅಮ್ಮ ದನಿ ಇಳಿಸಿದರು. “ನಮ್ಮನೆಗೆ ಬರೋಳು ಬಂಗಾರದಂಥವಳು. ಆದರೆ ಬಾಗಿಲು ತೆರೆದೇ ಇಡ್ತಾಳಮ್ಮಾ. ಮೊಮ್ಮಗ ಅತ್ತಿತ್ತ ಓಡಾಡ್ತಾ ಇರ್ತಾನೆ. ಹೇಳಿದ್ರೆ ಅವಳಿಗೆ ಬೇಜಾರಾಗುತ್ತೇನೋ, ಬರೋದೇ ನಿಲ್ಲಿಸಿಬಿಡ್ತಾಳೇನೋ ಅಂತ...”

ಮೆಟ್ಟಿಲು ಇಳಿಯುವಾಗ ಗಟ್ಟಿಯಮ್ಮನ ದನಿ ಎಂದಿನಂತೆ ಮುಂದೆ ಓಡಲಿಲ್ಲ. ಕೊನೆಯ ಮೆಟ್ಟಿಲಿನಲ್ಲಿ ನಿಂತು, “ನಾನೂ ತೆರೆದೇ ಇಡ್ತೀನಿ” ಎಂದಳು. “ಸೆಕೆ ಆಗುತ್ತೆ ಅಂತ. ನನಗೆ ಸೆಕೆ ಆಗುತ್ತೆ ಅಂತ.”

ಹನ್ನೆರಡನೆಯ ದಿನಕ್ಕೆ ಹದಿನೆಂಟೂ ಮನೆ ಮುಗಿದವು. ಮರುದಿನ ಸಮಿತಿಯ ಎದುರು ದೊಡ್ಡ ಟೀಚರ್ ಚೀಲವನ್ನು ತಾವೇ ತೆರೆದರು. ಅದಕ್ಕೆ ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಸ್ನಾನದ ಹೊತ್ತಿನಲ್ಲಿ ಮನೆಯವರು ಯಾರಾದರೂ ಅಲ್ಲಿರುವುದು ನಿಮಗೆ ನಾಚಿಕೆ ತರುತ್ತದೆಯೇ? ಗೋಣಿಯ ಜೇಬಿನಲ್ಲಿ ಐದು ಗುಂಡಿ. ಮಖಮಲ್ಲಿನ ಜೇಬಿನಲ್ಲಿ ಹದಿಮೂರು.

ಪಟ್ಟಿಯಕ್ಕ ತನ್ನ ಹಾಳೆಯನ್ನು ಓದಿದಳು. “ಬಾಗಿಲು ಹಾಕಿ, ಮನೆಯವರು ಇಲ್ಲದೆ ಸ್ನಾನ ಮಾಡಿಸಿದ್ರೆ ವಾರಕ್ಕೆ ಎಷ್ಟು ದಿನ ಬೇಕು ಅಂತಲೂ ಕೇಳಿದ್ವಿ. ಹದಿನೈದು ಜನ ಮೂರು ದಿನ ಅಂದ್ರು. ಇದೇ ಹದಿನೆಂಟು ಮನೆಯಿಂದ ಫೋನಲ್ಲಿ ಹದಿನಾಲ್ಕು ಜನ ಎರಡು ಸಾಕು ಅಂದಿದ್ರು.”

ಕೆಳಗೆ ಸೈಕಲ್ ಅಂಗಡಿಯಲ್ಲಿ ಯಾರೋ ಗಾಳಿ ಹೊಡೆಯುತ್ತಿದ್ದರು.

ಔಷಧಿ ಅಂಗಡಿಯವರು ಗುಂಡಿಗಳನ್ನು ಬೆರಳಿನಿಂದ ಒಂದೊಂದಾಗಿ ಸರಿಸಿ ಮತ್ತೆ ಎಣಿಸಿದರು. ಹದಿಮೂರೇ ಇದ್ದವು. “ಸರಿ, ಮೂರು ದಿನ ಹಾಗೇ ಇರಲಿ” ಎಂದರು. “ಆದರೆ ಮನೆಯವರು ಹೊರಗೆ ನಿಂತ್ರೆ ನೀರು ಹಾಕೋಕೆ ಎರಡನೇ ಕೈ ಬೇಕಲ್ಲ. ಆರು ಜನನ್ನ ಜೋಡಿ ಮಾಡಿದ್ರೆ ಇರೋ ಮನೆಗೇ ಸಾಲಲ್ಲ, ಕಾಯೋರ ಪಾಡೇನು?”

ಪಟ್ಟಿಯಕ್ಕ ಹಾಳೆಯನ್ನು ಮೇಜಿನ ಮೇಲಿಟ್ಟಳು. “ಗೊತ್ತಿಲ್ಲ ಸಾರ್. ಎರಡನೇ ಕೈ ಎಲ್ಲಿಂದ ತರೋದು ಅಂತ ನನಗೂ ಗೊತ್ತಿಲ್ಲ.”

ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. “ನಾನು ಅಂಗಡಿ ತೆರೆಯೋದು ಒಂಬತ್ತಕ್ಕೆ. ಅದಕ್ಕೆ ಮೊದಲು ಎರಡು ಮನೆಗೆ ಬರಬಲ್ಲೆ. ಗಂಡಸರ ಮನೆಗೆ. ಚೊಂಬು ಹಿಡಿಯೋಕೆ ನನಗೂ ಬರುತ್ತೆ.”

“ನಾಳೆಯಿಂದ?” ಎಂದರು ದೊಡ್ಡ ಟೀಚರ್.

“ನಾಳೆಯಿಂದ.”

“ಹೆಂಗಸರ ಮನೆಗೆ ನಾನು ಬರ್ತೀನಿ. ಬಗ್ಗೋಕೆ ಆಗಲ್ಲ, ನೀರು ಹಾಕೋಕೆ ಆಗುತ್ತೆ. ನಮ್ಮ ಓಣಿಯಲ್ಲಿ ಕೆಲಸ ಬಿಟ್ಟು ಮನೇಲಿ ಕೂತಿರೋ ಇನ್ನೂ ಹತ್ತು ಜನನ್ನ ಎಬ್ಬಿಸ್ತೀನಿ.” ದೊಡ್ಡ ಟೀಚರ್ ಪಟ್ಟಿಯಕ್ಕನ ಕಡೆ ತಿರುಗಿದರು. “ಪಟ್ಟಿ ಮಾಡಮ್ಮಾ.”

ಹೊಸದಾಗಿ ಸೇರುವ ಕೈಗಳ ಲೆಕ್ಕ ಹಾಕಿ, ಕಾಯುತ್ತಿದ್ದ ನಲವತ್ತು ಮನೆಗಳ ಪೈಕಿ ಎಂಟನ್ನು ಆ ವಾರವೇ ಸೇರಿಸಿಕೊಳ್ಳುವುದೆಂದಾಯಿತು. ಸೊಂಟ ಮುರಿದುಕೊಂಡ ಹೆಂಗಸಿನ ಮನೆ ಮೊದಲನೆಯದು. ಉಳಿದ ಮೂವತ್ತೆರಡು ಮನೆಗೆ ಪಟ್ಟಿಯಕ್ಕ ಹೇಳಿದಂತೆ ಕ್ಷಮೆ ಕೇಳಲು ತಾನೇ ಹೋದಳು. ಕೆಲವರು ಬೈದರು. ಅವಳು ನಿಂತು ಕೇಳಿಸಿಕೊಂಡಳು.

ದರ್ಜಿ ತಾತನ ಮನೆಗೆ ಸಭೆಯ ಮರುದಿನ ಬೆಳಿಗ್ಗೆ ಏಳಕ್ಕೆ ಗಟ್ಟಿಯಮ್ಮನೂ ಔಷಧಿ ಅಂಗಡಿಯವರೂ ಒಟ್ಟಿಗೆ ಬಂದರು. ಹೊಸಬರು ಬರಬಹುದೇ ಎಂದು ಹಿಂದಿನ ಸಂಜೆಯೇ ತಾತನನ್ನು ಕೇಳಿ ಒಪ್ಪಿಗೆ ಪಡೆದಿದ್ದರು. ಸೊಸೆ ಬಕೆಟ್ಟು ಇಟ್ಟು, ಮಾವನ ಹೊದಿಕೆ ಸರಿಮಾಡಿ, ಅಡುಗೆಮನೆಗೆ ಹೋಗಿ ಬಾಗಿಲು ಎಳೆದುಕೊಂಡಳು. ಗಟ್ಟಿಯಮ್ಮ ಚಿಲಕ ಹಾಕಿದಳು, ಕಿಟಕಿಯ ಪರದೆ ಎಳೆದಳು. ಸೆಕೆಗೆ ಅವಳ ಹಣೆಯಲ್ಲಿ ಆಗಲೇ ಬೆವರು ಮೂಡಿತ್ತು.

ಔಷಧಿ ಅಂಗಡಿಯವರು ತೋಳು ಮಡಿಸಿಕೊಂಡು ಚೊಂಬಿನಲ್ಲಿ ನೀರು ತುಂಬಿ ಎತ್ತಿಯೇಬಿಟ್ಟರು.

“ನಿಲ್ಲಿ ಸಾರ್” ಎಂದಳು ಗಟ್ಟಿಯಮ್ಮ. “ಯಾಕೆ ಅಷ್ಟು ಅವಸರ? ಮೊದಲು ಯಜಮಾನರನ್ನ ಕೇಳಬೇಡವಾ?”

ಅವಳು ಚೊಂಬನ್ನು ಅವರ ಕೈಯಿಂದ ತೆಗೆದುಕೊಂಡು ತಾತನ ಎಡಗೈಯ ಹತ್ತಿರ ಹಿಡಿದಳು. ತಾತ ಎರಡು ಬೆರಳು ಅದ್ದಿದರು. ಚೊಂಬನ್ನು ಮೆಲ್ಲಗೆ ಆಚೆ ತಳ್ಳಿದರು.

“ಬಿಸಿ ಜಾಸ್ತಿಯಾಯ್ತಾ?”

ತಲೆ ಅತ್ತಿತ್ತ ಆಡಿತು.

“ತಣ್ಣಗಿದೆಯಾ?”

ಕಣ್ಣು ಮುಚ್ಚಿ ತೆರೆದವು. ಗಟ್ಟಿಯಮ್ಮ ಚೊಂಬನ್ನೂ ತಾತನ ಮುಖವನ್ನೂ ನೋಡಿದಳು.

“ಅಯ್ಯೋ, ನಾನು ಯಾವಾಗಲೂ ಇಷ್ಟೇ ಬಿಸಿ ಮಾಡಿಸ್ತಿದ್ದೆ. ಮೂರು ವರ್ಷದಿಂದ ತಣ್ಣಗೇ ಇತ್ತಾ?”

ತಾತನ ತುಟಿಯ ಒಂದು ಬದಿ ಮೇಲಕ್ಕೆ ಹೋಯಿತು.

ಗಟ್ಟಿಯಮ್ಮ ಹೊದಿಕೆಯನ್ನು ತಾತನ ಕುತ್ತಿಗೆಯವರೆಗೆ ಎಳೆದು, ಅಂಚುಗಳನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದಳು. ಆಮೇಲೆ ಅಡುಗೆಮನೆಯ ಬಾಗಿಲಿನ ಹತ್ತಿರ ಹೋಗಿ, ತೆರೆಯದೆ, ತನ್ನ ಜೀವಮಾನದಲ್ಲೇ ತಗ್ಗಿದ ದನಿಯಲ್ಲಿ ಹೇಳಿದಳು: “ಇನ್ನೊಂದು ಪಾತ್ರೆ ನೀರು ಕಾಯಿಸಮ್ಮಾ. ಚೆನ್ನಾಗಿ ಬಿಸಿಯಾಗಲಿ.”

ಒಳಗೆ ಒಲೆ ಹಚ್ಚಿದ ಸದ್ದು ಕೇಳಿಸಿತು. ಔಷಧಿ ಅಂಗಡಿಯವರು ಗಡಿಯಾರ ನೋಡಿಕೊಳ್ಳಲು ಕೈ ಎತ್ತಿದವರು, ಹಾಗೇ ಇಳಿಸಿ, ಮಂಚದ ಪಕ್ಕ ಕೂತರು.